ರಾತ್ರಿ ಮಲಗದ ಶ್ಯಾಮ: ಒಂದು ಕುದುರೆಯ ‘ರೀಡಿಂಗ್’ ಮತ್ತು ಅದರ ಹಿಂದುಮುಂದು

ಪ್ರಕರಣದಲ್ಲಿರುವುದು 11 ವರ್ಷದ, ಬೀಜ ತೆಗೆಸಿದ ಗಂಡುಕುದುರೆ. ಕಡುಗಂದು ಮೈ, ಕಪ್ಪು ಜೂಲು, ಹಣೆಯಲ್ಲಿ ಹೆಬ್ಬೆರಳಗಲದ ಬಿಳಿ ಮಚ್ಚೆ. ಶ್ಯಾಮ ಎನ್ನೋಣ. ಜೊತೆಗಿದ್ದ ಕುದುರೆಗಳ ಹೆಸರೂ ನಾನೇ ಇಟ್ಟವು: ವಯಸ್ಸಾದ ಹೆಣ್ಣುಗುದುರೆ ಗೌರಿ, ಅವಳ ಬೆನ್ನು ಬಿಡದ ಬೂದು ಬಣ್ಣದ ಮೇಘ, ಬೇಲಿಯಾಚೆ ಒಂಟಿಯಾಗಿ ಇಟ್ಟಿದ್ದ ಗಿಡ್ಡ ತಳಿಯ ಪುಟ್ಟ. ಕುದುರೆಗಳ ನಡವಳಿಕೆ ನೋಡಿ ಸಲಹೆ ಕೊಡುವುದು ನನ್ನ ಕೆಲಸ. ಈ ಪ್ರಕರಣ ನನ್ನ ಹತ್ತಿರ ಬರುವ ಹೊತ್ತಿಗೆ ಅದಕ್ಕೊಂದು ವಿವರಣೆ ಆಗಲೇ ಸಿದ್ಧವಾಗಿತ್ತು. ಒಡತಿ ಒಬ್ಬ ಅನಿಮಲ್ ಕಮ್ಯುನಿಕೇಟರ್ ಹತ್ತಿರ, ಅಂದರೆ ಪ್ರಾಣಿಯ ಮನಸ್ಸಿನ ಮಾತು ತಿಳಿದು ಹೇಳುತ್ತೇನೆ ಎನ್ನುವವರ ಹತ್ತಿರ, ರೀಡಿಂಗ್ ಮಾಡಿಸಿದ್ದರು. ನನ್ನನ್ನು ಕರೆದದ್ದು ಆ ರೀಡಿಂಗ್ ಹೇಳಿದ್ದನ್ನು ಜಾರಿಗೆ ತರಲು, ಅಂದರೆ ಶ್ಯಾಮನನ್ನು ಗುಂಪಿನಿಂದ ಬೇರೆ ಮಾಡಿ ಒಂಟಿ ಬಯಲಿಗೆ ಹಾಕುವುದು ಹೇಗೆ ಎಂದು ಕೇಳಲು.

ದೂರುಗಳು ಹೀಗಿದ್ದವು. ಹುಲ್ಲು ಹಾಕುವ ಹೊತ್ತಿಗೆ ಶ್ಯಾಮ ಮೇಘನ ಮೇಲೆ ಕಿವಿ ಹಿಂದಕ್ಕೆ ಮಲಗಿಸಿ ಹಲ್ಲು ತೋರಿಸುತ್ತಾನೆ. ಒಮ್ಮೆ ಕಚ್ಚಿ ಪಕ್ಕೆಯ ತೊಗಲು ಸುಲಿದಿದ್ದ. ಉಳಿದ ಹೊತ್ತೆಲ್ಲ ಬಯಲಿನ ದೂರದ ಮೂಲೆಯಲ್ಲಿ ಒಬ್ಬನೇ ನಿಂತಿರುತ್ತಾನೆ. ಮೈ ಉಜ್ಜುವಾಗ ಕಣ್ಣು ಅರೆಮುಚ್ಚಿ, ತಲೆ ಇಳಿಬಿಟ್ಟು, ಇದ್ದಕ್ಕಿದ್ದ ಹಾಗೆ ಮುಂಗಾಲು ಕುಸಿದು ಮತ್ತೆ ಸಾವರಿಸಿಕೊಳ್ಳುತ್ತಾನೆ. ಸವಾರಿಯಲ್ಲಿ ಎಡಕ್ಕೆ ತಿರುಗಿಸಿದರೆ ಹಟ. ಕೊಂಡು ತಂದು ಅರ್ಧ ವರ್ಷ ಕಳೆದಿತ್ತು, ಮೊದಲ ತಿಂಗಳುಗಳಲ್ಲಿ ಇವ್ಯಾವುದೂ ಇಷ್ಟು ಎದ್ದು ಕಂಡಿರಲಿಲ್ಲ. ಒಡತಿಗೆ ಇದೆಲ್ಲ ಸೇರಿ ಒಂದೇ ಚಿತ್ರವಾಗಿತ್ತು: ಕುದುರೆಗೆ ಇಲ್ಲಿ ಸುಖವಿಲ್ಲ, ಏನೋ ಒಳಗೇ ನುಂಗಿಕೊಂಡಿದೆ.

ರೀಡಿಂಗ್ ನಡೆದದ್ದು ಫೋನಿನಲ್ಲಿ. ಒಂದು ಫೋಟೊ, ಹೆಸರು, ವಯಸ್ಸು ಮೊದಲೇ ಕಳಿಸಲಾಗಿತ್ತು. ಕಮ್ಯುನಿಕೇಟರ್ ಮನಸ್ಸು ಶಾಂತ ಮಾಡಿಕೊಂಡು ಕುದುರೆಯ ಜೊತೆ ‘ಸಂಪರ್ಕ’ಕ್ಕೆ ಬಂದು, ಅದು ತೋರಿಸುವ ಚಿತ್ರ, ಭಾವ, ಮಾತುಗಳನ್ನು ಒಡತಿಗೆ ದಾಟಿಸುತ್ತಾರೆ. ಆಕೆಯ ಒಪ್ಪಿಗೆ ಪಡೆದೇ ಒಡತಿ ಇಡೀ ಮಾತುಕತೆಯನ್ನು ರೆಕಾರ್ಡ್ ಮಾಡಿದ್ದರು. ನಾನು ಅದನ್ನು ಪೂರ್ತಿ ಕೇಳಿದೆ. ಸಾಮಾನ್ಯವಾಗಿ ನನಗೆ ಸಿಗುವುದು ರೀಡಿಂಗಿನ ನೆನಪು ಮಾತ್ರ, ಅದರಲ್ಲೂ ಹೊಂದಿಕೆಯಾದ ಮಾತುಗಳ ನೆನಪು. ಇಲ್ಲಿ ಯಾರು ಯಾವ ಮಾತನ್ನು ಯಾವಾಗ ಆಡಿದರು ಎಂಬುದೆಲ್ಲ ಹಾಗೇ ಉಳಿದಿತ್ತು. ಈ ಪ್ರಕರಣವನ್ನು ಬರೆಯಲು ಕಾರಣವೂ ಅದೇ.

ಕಮ್ಯುನಿಕೇಟರ್ ಹೇಳಿದ್ದರ ತಿರುಳು ಇಷ್ಟು. ಶ್ಯಾಮ ಹುಟ್ಟು ಕಾವಲುಗಾರ, ಹಳೆಯ ಆತ್ಮ. ರಾತ್ರಿಯಿಡೀ ನಿಂತುಕೊಂಡೇ ಉಳಿದವರನ್ನು ಕಾಯುತ್ತಾನೆ, ತಾನು ಮಲಗುವುದಿಲ್ಲ. ನಾಯಕತ್ವ ಅವನ ರಕ್ತದಲ್ಲಿದೆ. ಮೇಘ ಅದನ್ನು ಒಪ್ಪುತ್ತಿಲ್ಲ, ಅದಕ್ಕೇ ಜಗಳ. ಹಿಂದಿನ ಜಾಗದಲ್ಲಿ ಅವನಿಗೊಬ್ಬ ಬಿಳಿಯ ಗೆಳತಿ ಇದ್ದಳು, ಅವಳನ್ನು ಮರೆತಿಲ್ಲ. ಮೈಯ ಎಡಭಾಗದಲ್ಲಿ ಏನೋ ಭಾರ, ಅದು ನೋವಲ್ಲ, ಕಳಕೊಂಡದ್ದರ ಭಾರ. ಒಡತಿಯ ಮನೆಯ ಚಿಂತೆಯನ್ನೂ ಅವನು ಹೊತ್ತುಕೊಂಡಿದ್ದಾನೆ. ಕೊನೆಗೆ: ಅವನಿಗೆ ಗುಂಪು ಸಾಕಾಗಿದೆ, ಏಕಾಂತ ಕೇಳುತ್ತಿದ್ದಾನೆ, ಅವನದೇ ಒಂದು ಜಾಗ ಕೊಡಿ.

ದನಿಯಲ್ಲಿ ಎಲ್ಲೂ ನಾಟಕವಿರಲಿಲ್ಲ. ‘ಇದು ಪಶುವೈದ್ಯರ ಬದಲಿಗಲ್ಲ’ ಎಂದು ಎರಡು ಕಡೆ ಹೇಳಿದ್ದರು. ಆಕೆ ಹೇಳುತ್ತಿರುವುದನ್ನು ಆಕೆ ನಂಬಿದ್ದಾರೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಪ್ರಾಣಿ ಸಂವಹನ ಅಂದ ಕೂಡಲೇ ‘ಮೋಸ’ ಎಂದು ಕಡತ ಮುಚ್ಚುವವರಿದ್ದಾರೆ. ಅವರಿಗೆ ಈ ಪ್ರಕರಣದ ರಸವತ್ತಾದ ಭಾಗ ಕಾಣಲಾರದು.

ರೆಕಾರ್ಡಿಂಗಿನಲ್ಲಿ ರೀಡಿಂಗ್ ಶುರುವಾಗುವ ಮುಂಚೆ ಸಾಕಷ್ಟು ಹೊತ್ತು ಒಡತಿಯೇ ಮಾತಾಡಿದ್ದಾರೆ. ‘ಏನೂ ಹೇಳಬೇಡಿ, ನಾನು ಅವನಿಂದಲೇ ಕೇಳುತ್ತೇನೆ’ ಎಂದು ಕಮ್ಯುನಿಕೇಟರ್ ಅಂದರೂ, ಕಂಗೆಟ್ಟವರಿಗೆ ಮಾತು ತಡೆಯುವುದು ಕಷ್ಟ. ಮೇಘನ ಜೊತೆ ಜಗಳ, ಮೂಲೆಯಲ್ಲಿ ಒಂಟಿ ನಿಲ್ಲುವುದು, ಎಡಕ್ಕೆ ತಿರುಗದಿರುವುದು, ಮನೆಯಲ್ಲಿ ಯಾರಿಗೋ ಹುಷಾರಿಲ್ಲದಿರುವುದು ಎಲ್ಲವೂ ಅಲ್ಲೇ ಬಂದುಹೋಗಿವೆ. ಹಾಗಾಗಿ ರೀಡಿಂಗಿನ ದೊಡ್ಡ ಪಾಲು ಒಡತಿಯ ಮಾತೇ, ಕುದುರೆಯ ಬಾಯಿಂದ ವಾಪಸ್ ಬಂದದ್ದು. ಇನ್ನೊಂದು ಪಾಲು ಯಾವ ಕುದುರೆಗೂ ಹೊಂದುವಂಥದ್ದು. 1948ರಲ್ಲಿ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ‘ಇದು ನಿಮ್ಮೊಬ್ಬರದೇ ಸ್ವಭಾವಚಿತ್ರ’ ಎಂದು ಒಂದೇ ಬರಹವನ್ನು ಹಂಚಿದ್ದ. ಎಷ್ಟು ಸರಿಯಾಗಿದೆ ಎಂದು 5ಕ್ಕೆ ಅಂಕ ಕೊಡಿ ಅಂದಾಗ ಸರಾಸರಿ 4.26 ಬಂತು. ಅದಕ್ಕೆ ಬಳಸಿದ ಸಾಲುಗಳನ್ನು ಹೆಚ್ಚುಕಮ್ಮಿ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡಿದ್ದ. ‘ಹೊರಗೆ ಗಟ್ಟಿ, ಒಳಗೆ ಮೆತ್ತಗೆ’ ಎಂಬ ಮಾತು ಮನುಷ್ಯರಿಗೇ ಅಷ್ಟು ಚೆನ್ನಾಗಿ ಕೂರುತ್ತದೆ ಅಂದಮೇಲೆ, ಎದುರು ಮಾತಾಡಲಾಗದ ಕುದುರೆಗೆ ಕೂರದೇ ಇದ್ದೀತೆ?

ಉಳಿದದ್ದು ಮೂರನೆಯ ಪಾಲು: ಒಡತಿ ಹೇಳದ, ಎಲ್ಲ ಕುದುರೆಗೂ ಹೊಂದದ, ಪರೀಕ್ಷಿಸಿ ನೋಡಬಹುದಾದ ಮಾತುಗಳು. ಎರಡೇ ಇದ್ದವು. ಒಂದು ಬಿಳಿಯ ಗೆಳತಿ, ಇನ್ನೊಂದು ರಾತ್ರಿ ಮಲಗದಿರುವುದು.

ಗೆಳತಿಯ ವಿಷಯ ಒಂದು ಫೋನ್ ಕರೆಯಲ್ಲಿ ಮುಗಿಯಿತು. ಶ್ಯಾಮನ ಹಿಂದಿನ ಯಜಮಾನರು ಅವನನ್ನು ಮರಿಯಾಗಿದ್ದಾಗಲೇ ತಂದಿದ್ದರು, ಅವರಲ್ಲಿ ಇದ್ದವು ಗಂಡುಕುದುರೆಗಳು ಮಾತ್ರ, ಒಂದೂ ಬಿಳಿಯದಲ್ಲ. ಒಡತಿ ಸ್ವಲ್ಪ ಯೋಚಿಸಿ, ‘ಹಾಗಾದರೆ ಅವನ ತಾಯಿ ಇರಬೇಕು’ ಅಂದರು. ತಾಯಿಯ ಬಣ್ಣ ಯಾರಿಗೂ ನೆನಪಿರಲಿಲ್ಲ. ಮಾತು ಅಲ್ಲಿಗೆ ಬಿಟ್ಟೆ.

ಎರಡನೆಯದನ್ನು ಅಷ್ಟು ಸುಲಭವಾಗಿ ಬಿಡುವ ಹಾಗಿರಲಿಲ್ಲ. ರಾತ್ರಿ ಕುದುರೆ ಮಲಗುವುದಿಲ್ಲ ಎಂದು ಒಡತಿಗೇ ಗೊತ್ತಿರಲಿಲ್ಲ. ಇನ್ನು ದೂರದೂರಿನ ಕಮ್ಯುನಿಕೇಟರಿಗೆ ಹೇಗೆ ಗೊತ್ತಾಯಿತು? ರೆಕಾರ್ಡಿಂಗನ್ನು ಮತ್ತೆ ಕೇಳಿದಾಗ ಉತ್ತರ ಸಿಕ್ಕಿತು, ಕನಿಷ್ಠ ನನಗೆ ಒಪ್ಪಿಗೆಯಾಗುವ ಉತ್ತರ. ಶ್ಯಾಮನನ್ನು ಹೊಗಳುವ ಭರದಲ್ಲಿ ಒಡತಿ ಹೀಗೆ ಹೇಳಿದ್ದರು: ‘ಎಷ್ಟು ಚೊಕ್ಕ ಗೊತ್ತಾ? ಬೆಳಿಗ್ಗೆ ಹೋದರೆ ಮೈಮೇಲೆ ಒಂದು ಹುಲ್ಲುಕಡ್ಡಿ ಅಂಟಿರುವುದಿಲ್ಲ. ಉಳಿದವು ಲದ್ದಿ ಮೆತ್ತಿಕೊಂಡು ನಿಂತಿರುತ್ತವೆ.’ ಲಾಯದಲ್ಲಿ ಬೆಳೆದವರಿಗೆ ಇದು ಸಣ್ಣ ಮಾತಲ್ಲ. ರಾತ್ರಿ ಮಲಗಿ ಎದ್ದ ಕುದುರೆಯ ಪಕ್ಕೆ, ತೊಡೆ, ಕೆನ್ನೆಯ ಮೇಲೆ ಕಲೆ ಇದ್ದೇ ಇರುತ್ತದೆ. ಬಾಲದ ಕೂದಲಲ್ಲಿ ಹುಲ್ಲು ಸಿಕ್ಕಿಕೊಂಡಿರುತ್ತದೆ. ದಿನಾ ಚೊಕ್ಕವಾಗಿರುವ ಕುದುರೆ ಮಲಗುತ್ತಿಲ್ಲ ಎಂದೇ ಮೊದಲ ಅನುಮಾನ. ಕಮ್ಯುನಿಕೇಟರ್ ಸ್ವತಃ ಹಲವು ವರ್ಷ ಕುದುರೆಗಳ ನಡುವೆ ಬದುಕಿದವರು. ಆ ಮಾತು ಅವರ ಕಿವಿಗೆ ಬಿದ್ದು, ಅರಿವಿಗೆ ಬಾರದೆಯೇ ಚಿತ್ರವಾಗಿ ಎದ್ದಿರಬಹುದು. ಆ ಚಿತ್ರ ಎಲ್ಲಿಂದ ಬಂತು ಎಂದು ಅವರಿಗೇ ಗೊತ್ತಿಲ್ಲದ್ದರಿಂದ, ಕುದುರೆಯೇ ಕಳಿಸಿದ್ದು ಎನ್ನಿಸಿದ್ದರೆ ಆಶ್ಚರ್ಯವಿಲ್ಲ.

ಇದಕ್ಕೆ ಕುದುರೆಲೋಕದಲ್ಲೇ ಹೆಸರಾಂತ ಉದಾಹರಣೆ ಇದೆ, ಆದರೆ ಅಲ್ಲಿ ಪಾತ್ರಗಳು ಅದಲುಬದಲು. 20ನೇ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟನ್ ಎಂಬ ನಿವೃತ್ತ ಗಣಿತ ಮೇಷ್ಟರ ಹತ್ತಿರ ಹಾನ್ಸ್ ಎಂಬ ಕುದುರೆ ಇತ್ತು. ಕೂಡುವುದು, ಕಳೆಯುವುದು, ತಾರೀಖು ಹೇಳುವುದು, ಎಲ್ಲವನ್ನೂ ಗೊರಸು ಬಡಿದು ಉತ್ತರಿಸುತ್ತಿತ್ತು. ಮೇಷ್ಟರು ಮೋಸಗಾರರಲ್ಲ, ಪ್ರದರ್ಶನಕ್ಕೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. 1904ರಲ್ಲಿ ಕುಳಿತ ಪರಿಶೀಲನಾ ಮಂಡಳಿಗೂ ಯಾವ ತಂತ್ರವೂ ಸಿಗಲಿಲ್ಲ. ಕೊನೆಗೆ ಗುಟ್ಟು ಬಿಡಿಸಿದ್ದು ಮನಶ್ಶಾಸ್ತ್ರಜ್ಞ ಓಸ್ಕರ್ ಫುಂಗ್‌ಸ್ಟ್. 1907ರಲ್ಲಿ ಅವರ ವರದಿ ಪ್ರಕಟವಾಯಿತು. ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ, ಅಥವಾ ಅವರು ಹಾನ್ಸ್‌ನ ಕಣ್ಣಿಗೆ ಬೀಳದಂತೆ ನಿಂತರೆ ಹಾನ್ಸ್ ಸೋಲುತ್ತಿದ್ದ. ಗೊರಸು ನೋಡಲು ತಲೆ ತುಸು ಬಗ್ಗಿದಾಗ ಬಡಿಯಲು ಶುರು, ಸರಿಯಾದ ಸಂಖ್ಯೆ ಬಂದಾಗ ತಲೆ ಅರಿವಿಲ್ಲದೆ ಕೂದಲೆಳೆಯಷ್ಟು ಮೇಲೇಳುವುದೇ ನಿಲ್ಲಿಸುವ ಸಂಕೇತ. ಗುಟ್ಟು ತಿಳಿದ ಮೇಲೂ ಫುಂಗ್‌ಸ್ಟ್‌ಗೆ ತನ್ನದೇ ತಲೆಯ ಆ ಚಲನೆಯನ್ನು ತಡೆಯುವುದು ಕಷ್ಟವಾಗಿತ್ತು. ಹಾನ್ಸ್‌ಗೆ ಗಣಿತ ಬರುತ್ತಿರಲಿಲ್ಲ, ಮನುಷ್ಯರನ್ನು ಓದುವುದು ಮಾತ್ರ ಚೆನ್ನಾಗಿ ಬರುತ್ತಿತ್ತು. ನಮ್ಮ ಪ್ರಕರಣದಲ್ಲಿ ಓದಿದ್ದು ಕಮ್ಯುನಿಕೇಟರ್, ಓದಿಸಿಕೊಂಡದ್ದು ಒಡತಿ. ಆದರೆ ಒಡತಿಯ ಮಾತಿನಲ್ಲಿ ಕುದುರೆಯ ಬಗ್ಗೆ ನಿಜವಾದ ಸುದ್ದಿಯೊಂದು ಇತ್ತು, ಅದು ದಾಟಿ ಬಂದಿತು. ದಾಟಿದ ಮೇಲೆ ಅದಕ್ಕೆ ಕಟ್ಟಿದ ಅರ್ಥದಲ್ಲಿ ತೊಂದರೆ ಇತ್ತು.

ರಾತ್ರಿ ಏನಾಗುತ್ತದೆ ಎಂದು ನೋಡಲು ಕ್ಯಾಮೆರಾ ಇಡಿಸುವ ಮುಂಚೆ ನಾನು ಹಗಲಿನ ನಡವಳಿಕೆ ನೋಡಿದೆ. ಕುದುರೆಗಳ ಸಂಬಂಧ ಬರೆದುಕೊಳ್ಳುವಾಗ ನಾನು ಸ್ವಭಾವದ ಪದಗಳನ್ನು ದೂರ ಇಡುತ್ತೇನೆ. ಗತ್ತಿನವನು, ಪಾಪದವನು, ನಾಯಕ, ಇವು ಯಾವುವೂ ಟಿಪ್ಪಣಿಯಲ್ಲಿ ಬರುವುದಿಲ್ಲ. ಯಾರು ಬಂದರೆ ಯಾರು ಜಾಗ ಬಿಡುತ್ತಾರೆ, ಯಾರು ಯಾರ ಅಕ್ಕಪಕ್ಕ ಮೇಯುತ್ತಾರೆ, ಯಾರು ಯಾರ ಹೆಗಲು ಕೆರೆಯುತ್ತಾರೆ, ಅಷ್ಟೇ.

ಹುಲ್ಲು ಎರಡು ಗುಡ್ಡೆಯಾಗಿ ಗೇಟಿನ ಪಕ್ಕದಲ್ಲೇ ಬೀಳುತ್ತಿತ್ತು. ಹಾಕುವವರಿಗೆ ಅನುಕೂಲ. ಕುದುರೆ ಮೂರು, ಗುಡ್ಡೆ ಎರಡು. ಗೌರಿ ಒಂದಕ್ಕೆ, ಮೇಘ ಇನ್ನೊಂದಕ್ಕೆ. ಶ್ಯಾಮ ಗೌರಿಯ ಹತ್ತಿರ ಹೋದರೆ ಅವಳು ಒಂದು ಕಿವಿ ಹಿಂದಕ್ಕೆ ತಿರುಗಿಸಿದರೂ ಸಾಕು, ಸರಿದುಬಿಡುತ್ತಿದ್ದ. ನಾಯಕನಾಗಬೇಕೆಂದವನ ಲಕ್ಷಣ ಇದಲ್ಲ. ಮೇಘನ ಗುಡ್ಡೆ ಗೇಟು ಮತ್ತು ಬೇಲಿ ಸೇರುವ ಕೋನದಲ್ಲಿತ್ತು. ಹಸಿವಿನಿಂದ ಅಲ್ಲಿಗೆ ನುಗ್ಗಿದ ಶ್ಯಾಮನ ಹಿಂದೆ ಗೌರಿ ಬಂದಾಗ ಅವನಿಗೆ ಹೊರಬರಲು ದಾರಿಯೇ ಇರಲಿಲ್ಲ. ಕಚ್ಚಿದ್ದೆಲ್ಲ ಆ ಕೋನದಲ್ಲಿ, ಆ ಕೆಲವು ನಿಮಿಷಗಳಲ್ಲಿ. ಮೇಘ ಬಯಲಿನ ನಡುವೆ ಎದುರಾದರೆ ಶ್ಯಾಮ ಮುಖ ತಿರುಗಿಸಿ ದಾರಿ ಬಿಡುತ್ತಿದ್ದ.

ಕುದುರೆಗಳ ಮೇಲುಕೀಳು ಬಹುಮಟ್ಟಿಗೆ ಕೊರತೆಯ ಸುತ್ತ ಕಾಣುವ ಸಂಗತಿ. ಮೇವು, ನೀರು, ನೆರಳು ಬೇಕಾದಷ್ಟು ಇದ್ದು, ಬೇಕಾದಷ್ಟು ದೂರ ಹರಡಿದ್ದರೆ ದಿನಗಟ್ಟಲೆ ಒಂದು ಒದೆತವೂ ಕಾಣದು. ಇಡೀ ಹಿಂಡನ್ನು ಆಳುವ ಒಬ್ಬ ರಾಣಿ ಅಥವಾ ರಾಜ ಇರುತ್ತಾರೆ ಎಂಬ ಜನಪ್ರಿಯ ಚಿತ್ರಕ್ಕೂ ಬಯಲಿನಲ್ಲಿ ಬದುಕುವ ಕುದುರೆಗಳಿಗೂ ಅಷ್ಟು ತಾಳೆಯಾಗುವುದಿಲ್ಲ. ಹಿಂಡು ಮೇವಿನಿಂದ ನೀರಿಗೆ ಹೊರಡುವಾಗ ಮೊದಲ ಹೆಜ್ಜೆ ಇಡುವುದು ಪ್ರತಿಸಲ ಒಬ್ಬರೇ ಅಲ್ಲ. ರೀಡಿಂಗ್‌ಗಳಲ್ಲಿ ಮಾತ್ರ ಪ್ರತಿ ಎರಡನೆಯ ಕುದುರೆ ನಾಯಕ. ಹಿಂಬಾಲಕನ ಆತ್ಮ ಹೊತ್ತು ಬಂದ ಕುದುರೆಯ ರೀಡಿಂಗನ್ನು ನಾನಿನ್ನೂ ಕೇಳಿಲ್ಲ.

ಇನ್ನು ಆ ಒಂಟಿ ಮೂಲೆ. ಗೇಟಿನಿಂದ ನೋಡಿದರೆ ಅವನು ನಿಜಕ್ಕೂ ಒಬ್ಬನೇ. ಆದರೆ ಮೂಲೆಯವರೆಗೆ ನಡೆದುಹೋದರೆ, ನೀರಿನ ತೊಟ್ಟಿಯ ಮರೆಯಲ್ಲಿ, ಬೇಲಿಯಾಚೆ, ಪುಟ್ಟ ನಿಂತಿರುತ್ತಿದ್ದ. ಬೇಲಿಯ ಮೇಲಿನ ಅಡ್ಡಮರವನ್ನು ಹತ್ತಿರದಿಂದ ನೋಡಿದೆ. ಸುಮಾರು ಒಂದು ಮಾರುದ್ದ ಮರ ನುಣುಪಾಗಿತ್ತು, ಸೀಳಿನಲ್ಲಿ ಕೂದಲು ಸಿಕ್ಕಿಕೊಂಡಿತ್ತು: ಈಚೆಯ ಅಂಚಿನಲ್ಲಿ ಕಡುಗಂದು, ಆಚೆಯ ಅಂಚಿನಲ್ಲಿ ಪುಟ್ಟನ ಕೆಂಚು. ಪುಟ್ಟನ ಜೂಲು ಹೆಗಲಿನ ದಿಬ್ಬದ ಹತ್ತಿರ ಒಂದು ಗೇಣಿನಷ್ಟು ಮೊಟಕಾಗಿ, ತುದಿ ಅಗಿದ ಹಾಗೆ ಚಿಂದಿಯಾಗಿತ್ತು. ಹುಳುಕಡ್ಡಿ ಎಂದು ಪುಟ್ಟನಿಗೆ ಯಾರೋ ಮುಲಾಮು ಹಚ್ಚುತ್ತಿದ್ದರಂತೆ. ಅದು ಶ್ಯಾಮನ ಹಲ್ಲಿನ ಕೆಲಸ. ಕುದುರೆಗಳು ಎದುರುಬದುರಾಗಿ ನಿಂತು ಒಂದರ ಹೆಗಲನ್ನು ಇನ್ನೊಂದು ಮುಂಬಲ್ಲಿನಿಂದ ಕೆರೆಯುವುದು ಸ್ನೇಹದ ಖಚಿತ ಗುರುತುಗಳಲ್ಲಿ ಒಂದು. ಕಮಾರ್ಗ್ ತಳಿಯ ಕುದುರೆಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕುತ್ತಿಗೆಯ ಬುಡದ ಆ ಜಾಗವನ್ನು ಕೆರೆದಾಗ ಎದೆಬಡಿತವೇ ಇಳಿಯುವುದು ಕಂಡಿತ್ತು. ಏಕಾಂತ ಬಯಸುವವನು ಎಂದು ಹೆಸರಾದ ಕುದುರೆ, ಇರುವ ಒಬ್ಬ ಗೆಳೆಯನಿಗೆ ಎಷ್ಟು ಹತ್ತಿರ ಹೋಗಲು ಸಾಧ್ಯವೋ ಅಷ್ಟು ಹತ್ತಿರ ದಿನವಿಡೀ ನಿಂತಿತ್ತು.

ಪುಟ್ಟನನ್ನು ಬೇರೆ ಇಟ್ಟಿದ್ದಕ್ಕೆ ಕಾರಣವಿತ್ತು. ಗಿಡ್ಡ ತಳಿಗಳು ಹಸಿಹುಲ್ಲಿನ ಮೇಲೆ ಬೇಗ ಕೊಬ್ಬುತ್ತವೆ, ಗೊರಸಿನೊಳಗೆ ಉರಿಯೂತ ಬಂದು ಕುಂಟುತ್ತವೆ. ಅದಕ್ಕೆ ಅವನಿಗೆ ಹುಲ್ಲಿಲ್ಲದ ಅಂಗಳ.

ಕ್ಯಾಮೆರಾದಲ್ಲಿ ಕಂಡದ್ದು ಇದು. ನಡುರಾತ್ರಿ ಕಳೆದ ಮೇಲೆ ಗೌರಿ ಮಲಗುತ್ತಾಳೆ, ಮೇಘ ಪಕ್ಕದಲ್ಲೇ ನಿಂತಿರುತ್ತಾನೆ. ಅವಳು ಎದ್ದ ಮೇಲೆ ಅವನ ಸರದಿ. ಶ್ಯಾಮ ಅವರಿಂದ ದೂರ, ತನ್ನ ಮೂಲೆಯಲ್ಲಿ. ಅವನು ಎಚ್ಚರವಾಗಿ ಕಾಯುತ್ತಿರಲಿಲ್ಲ, ತೂಕಡಿಸುತ್ತಿದ್ದ. ತಲೆ ಇಳಿಯುತ್ತ ಇಳಿಯುತ್ತ ಮೂತಿ ಮೊಣಕಾಲಿನ ಮಟ್ಟಕ್ಕೆ ಬಂದು, ಮುಂಗಾಲು ಮಡಚಿ, ಗೊರಸಿನ ಮೇಲಿನ ಗಿಣ್ಣು ನೆಲಕ್ಕೆ ತಾಗುತ್ತಿದ್ದಂತೆ ಬೆಚ್ಚಿ ಎದ್ದು ನಿಲ್ಲುತ್ತಿದ್ದ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಮರುದಿನ ಕಾಲು ಕೈಯಲ್ಲಿ ಹಿಡಿದು ನೋಡಿದರೆ ಎರಡೂ ಮುಂಗಾಲಿನ ಗಿಣ್ಣಿನ ಮುಂಭಾಗದಲ್ಲಿ ಹಳೆಯ ತರಚು ಗಾಯದ ಹೆಪ್ಪು, ಅದರ ಮೇಲೆ ಹೊಸ ತರಚು. ಕಲ್ಲಿಗೆ ತಾಗಿಸಿಕೊಂಡಿರಬೇಕು ಎಂದು ಎಲ್ಲರೂ ಸುಮ್ಮನಿದ್ದರು.

ಕುದುರೆ ನಿಂತೇ ನಿದ್ದೆ ಮಾಡುತ್ತದೆ ಎನ್ನುವುದು ಅರ್ಧ ಸತ್ಯ. ಹಿಂಗಾಲಿನ ಮಂಡಿಚಿಪ್ಪು ಕೊಕ್ಕೆ ಹಾಕಿದಂತೆ ಸಿಕ್ಕಿಕೊಳ್ಳುವ ವ್ಯವಸ್ಥೆ ಇರುವುದರಿಂದ ಸ್ನಾಯುಗಳಿಗೆ ಹೆಚ್ಚು ದಣಿವಾಗದೆ ನಿಂತು ಮಂಪರಿನಲ್ಲಿರಬಹುದು, ಹಗುರ ನಿದ್ದೆಯನ್ನೂ ಮಾಡಬಹುದು. ಆದರೆ ಕನಸಿನ ನಿದ್ದೆ, ಅಂದರೆ ಕಣ್ಣುಗುಡ್ಡೆ ಚಲಿಸುವ ರೆಮ್ ನಿದ್ದೆ ಬಂದಾಗ ಸ್ನಾಯುಗಳೆಲ್ಲ ಸಡಿಲವಾಗುತ್ತವೆ, ಅದಕ್ಕೆ ಮಲಗಲೇಬೇಕು. ದೊಡ್ಡ ಕುದುರೆಯ ನಿದ್ದೆ ದಿನಕ್ಕೆ 3ರಿಂದ 4 ಗಂಟೆ, ಅದರಲ್ಲಿ ರೆಮ್ ಪಾಲು ಅರ್ಧ ಗಂಟೆಯ ಆಸುಪಾಸು. ಕಡಿಮೆಯೇ, ಆದರೆ ಅದೂ ಸಿಗದೆ ದಿನಗಳು ಉರುಳಿದರೆ ದೇಹ ನಿಂತಲ್ಲೇ ಅದನ್ನು ಕಿತ್ತುಕೊಳ್ಳಲು ನೋಡುತ್ತದೆ, ಕುದುರೆ ಕುಸಿಯುತ್ತದೆ. ಮೈ ಉಜ್ಜುವಾಗಿನ ಕುಸಿತವೂ ಇದೇ. ಉಜ್ಜುವ ಹಿತಕ್ಕೆ, ಪಕ್ಕದಲ್ಲಿ ಒಬ್ಬರಿದ್ದಾರೆಂಬ ನಿರಾಳಕ್ಕೆ ನಿದ್ದೆ ನುಗ್ಗಿ ಬರುತ್ತಿತ್ತು.

ಮಲಗದಿರಲು ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು: ಮಲಗುವಾಗ, ಏಳುವಾಗ ನೋವು; ಜಾಗ ಇಕ್ಕಟ್ಟು ಅಥವಾ ನೆಲ ಗಟ್ಟಿ; ಇಲ್ಲವೇ ಮಲಗಿದರೆ ಕಾಯುವವರಿಲ್ಲವೆಂಬ ಅಭದ್ರತೆ. ಪಶುವೈದ್ಯರು ಬಂದು ನೋಡಿದರು. ಪಕ್ಕೆಯಲ್ಲಿ, ಬೆನ್ನಿನಲ್ಲಿ ಏನೂ ಇಲ್ಲ. ಹಿಂಗಾಲನ್ನು ಮಡಚಿ ಹಿಡಿದು ಬಿಟ್ಟು ಓಡಿಸಿದಾಗ ಹೆಜ್ಜೆ ಮೊಟಕಾಯಿತು. ಎಕ್ಸ್‌ರೇಯಲ್ಲಿ ಎರಡೂ ಹಿಂಗಾಲಿನ ನಡುಭಾಗದ ಕೀಲಿನಲ್ಲಿ (ಹಾಕ್) ಸವಕಲಿನ ಆರಂಭ ಕಂಡಿತು, ಎಡಗಾಲಿನಲ್ಲಿ ತುಸು ಹೆಚ್ಚು. ‘ನೋಡಿ, ಎಡಭಾಗ ಅಂದಿದ್ದರಲ್ಲ!’ ಅಂದರು ಒಡತಿ. ಎಡ ಎನ್ನುವ ಮಾತು ರೀಡಿಂಗಿಗೂ ಮುಂಚೆ ಅವರದೇ ಬಾಯಿಂದ ಬಂದಿತ್ತು ಎಂದು ನೆನಪಿಸಿದೆ. ಅದಕ್ಕಿಂತ ಮುಖ್ಯ, ರೀಡಿಂಗ್ ಸ್ಪಷ್ಟವಾಗಿ ‘ನೋವಲ್ಲ’ ಎಂದಿತ್ತು. ದಿಕ್ಕು ನೆನಪಿನಲ್ಲಿ ಉಳಿಯಿತು, ನಿರಾಕರಣೆ ಮರೆತುಹೋಯಿತು. ರೀಡಿಂಗ್‌ಗಳ ಯಶಸ್ಸಿನ ಲೆಕ್ಕ ಬೆಳೆಯುವುದು ಹೀಗೆ.

ಆ ಫೋಟೊವನ್ನೂ ತೆಗೆದು ನೋಡಿದೆವು. ಕಣ್ಣಿನ ಮೇಲಿನ ಚರ್ಮ ತ್ರಿಕೋನವಾಗಿ ಎಳೆದುಕೊಂಡಿದೆ, ಮೂಗಿನ ಹೊಳ್ಳೆ ಬಿಗಿ, ಗದ್ದ ಗಟ್ಟಿ. ಕಮ್ಯುನಿಕೇಟರ್ ಈ ಕಣ್ಣನ್ನೇ ‘ಹಳೆಯ ಆತ್ಮದ ಕಣ್ಣು’ ಎಂದದ್ದು. ಕುದುರೆಗಳ ಮುಖದಲ್ಲಿ ನೋವು ಗುರುತಿಸಲು 2014ರಲ್ಲಿ ಪ್ರಕಟವಾದ ಹಾರ್ಸ್ ಗ್ರಿಮೇಸ್ ಸ್ಕೇಲ್ ಆರು ಜಾಗ ನೋಡಲು ಹೇಳುತ್ತದೆ: ಹಿಂದಕ್ಕೆ ಬಿಗಿಯಾಗಿ ನಿಂತ ಕಿವಿ, ಕಿರಿದಾದ ಕಣ್ಣು, ಕಣ್ಣಿನ ಮೇಲಿನ ಸೆಳೆತ, ಉಬ್ಬಿದ ದವಡೆಯ ಸ್ನಾಯು, ಬಿಗಿದ ಬಾಯಿ ಮತ್ತು ಗದ್ದ, ಸೆಟೆದ ಹೊಳ್ಳೆ. ಒಂದು ಫೋಟೊದಿಂದ ತೀರ್ಮಾನ ಮಾಡುವ ಹಾಗಿಲ್ಲ, ಆ ಅಳತೆಗೋಲು ಇರುವುದೂ ಅದಕ್ಕಲ್ಲ. ಆದರೆ ಫೋಟೊ ನೋಡಿ ಸ್ವಭಾವ ಹೇಳುವವರು ಮೊದಲು ಈ ಆರನ್ನು ನೋಡಿ ಮುಗಿಸಲಿ ಎಂದು ನನ್ನ ಆಸೆ.

ಈ ರೀಡಿಂಗಿನ ಬಗ್ಗೆ ನನ್ನ ತಕರಾರು ಇರುವುದು ಇಲ್ಲೇ, ಅತೀಂದ್ರಿಯದ ಬಗ್ಗೆ ಅಲ್ಲ. ಕೀಲುನೋವು, ನಿದ್ದೆಗೇಡು, ಗೇಟಿನ ಪಕ್ಕದ ಹುಲ್ಲು, ಬೇಲಿಯಾಚೆಯ ಗೆಳೆಯ, ಈ ನಾಲ್ಕೂ ಶ್ಯಾಮನ ಸುತ್ತ ಇದ್ದ, ಬದಲಾಯಿಸಬಹುದಾದ ಸಂಗತಿಗಳು. ರೀಡಿಂಗ್ ನಾಲ್ಕನ್ನೂ ಎತ್ತಿ ಅವನ ಒಳಗಿಟ್ಟು ಗುಣ ಎಂದು ಹೆಸರಿಟ್ಟಿತು. ಗುಣ ಅಂದಮೇಲೆ ಯಾರೂ ಅದನ್ನು ಚಿಕಿತ್ಸೆಗೆ ಒಯ್ಯುವುದಿಲ್ಲ. ಕಾವಲುಗಾರನಿಗೆ ನಿದ್ದೆ ಕೊಡಿಸಬೇಕು ಎಂದು ಯಾರಿಗೆ ಹೊಳೆಯುತ್ತದೆ? ಹೆಮ್ಮೆಯಾಗುತ್ತದೆ ಅಷ್ಟೇ.

ಬದಲಾವಣೆಗಳನ್ನು ಒಂದೊಂದಾಗಿ ಮಾಡಿದೆವು, ಇಲ್ಲದಿದ್ದರೆ ಯಾವುದರಿಂದ ಏನಾಯಿತು ತಿಳಿಯುವುದಿಲ್ಲ. ಮೊದಲು ಹುಲ್ಲು: ಮೂರು ಕುದುರೆಗೆ ಐದು ಗುಡ್ಡೆ, ಗೇಟಿನಿಂದ ದೂರ, ಒಂದರಿಂದ ಒಂದಕ್ಕೆ ಹತ್ತಾರು ಹೆಜ್ಜೆ. ಕಚ್ಚುವುದು ಆ ವಾರದಲ್ಲೇ ನಿಂತಿತು. ಗೌರಿ ಓಡಿಸಿದರೆ ಶ್ಯಾಮ ಮುಂದಿನ ಗುಡ್ಡೆಗೆ ಹೋಗುತ್ತಿದ್ದ, ಅಷ್ಟೇ. ಆಮೇಲೆ ಪಶುವೈದ್ಯರು ಬರೆದುಕೊಟ್ಟ ಉರಿಯೂತ ಇಳಿಸುವ ಔಷಧಿ. ಎಡಕ್ಕೆ ತಿರುಗುವುದು ಸುಲಭವಾಯಿತು, ಆದರೆ ರಾತ್ರಿ ಮಲಗಲಿಲ್ಲ. ಮಲಗುವವನ ಹಾಗೆ ನೆಲ ಮೂಸಿ, ಒಂದು ಸುತ್ತು ತಿರುಗಿ, ಕಾಲು ಮಡಚುವ ಮೊದಲೇ ತಲೆ ಎತ್ತಿ ನಿಂತುಬಿಡುತ್ತಿದ್ದ.

ಮೂರನೆಯದಕ್ಕೆ ಒಡತಿಯನ್ನು ಒಪ್ಪಿಸಬೇಕಿತ್ತು. ಅವರಿಗೆ ಏಕಾಂತದ ಮಾತು ಮನಸ್ಸಿನಿಂದ ಹೋಗಿರಲಿಲ್ಲ. ವಾದ ಮಾಡುವ ಬದಲು ಶ್ಯಾಮನನ್ನೇ ಕೇಳೋಣ ಅಂದೆ. ಕುದುರೆಯನ್ನು ಪ್ರಶ್ನೆ ಕೇಳಬಹುದು, ಉತ್ತರಿಸಲು ಅದಕ್ಕೊಂದು ದಾರಿ ಮಾಡಿಕೊಡಬೇಕು. ನಾರ್ವೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 23 ಕುದುರೆಗಳು ಫಲಕದ ಮೇಲಿನ ಚಿಹ್ನೆಗಳನ್ನು ಮೂತಿಯಿಂದ ಮುಟ್ಟಿ ಕಂಬಳಿ ಹೊದಿಸಬೇಕೆ, ತೆಗೆಯಬೇಕೆ, ಇದ್ದ ಹಾಗೇ ಇರಲಿಯೇ ಎಂದು ತಿಳಿಸಲು ಕಲಿತವು. ಚಳಿ, ಮಳೆಯಿದ್ದಾಗ ಹೊದಿಸಿ ಅಂದವು, ಬಿಸಿಲಿದ್ದಾಗ ತೆಗೆಯಿರಿ ಅಂದವು. ನಮಗೆ ಅಷ್ಟೂ ಬೇಕಿರಲಿಲ್ಲ, ಗೇಟು ಸಾಕಿತ್ತು. ರೀಡಿಂಗ್ ಕೇಳಿದ್ದ ಒಂಟಿ ಬಯಲನ್ನು ಒಳ್ಳೆಯ ಹುಲ್ಲು, ನೆರಳು, ನೀರಿನ ಸಮೇತ ಸಿದ್ಧಮಾಡಿ, ಅದರಿಂದ ಪುಟ್ಟನ ಅಂಗಳದ ಬೇಲಿಯವರೆಗೆ ಹೋಗುವ ದಾರಿಯ ಗೇಟು ತೆರೆದಿಟ್ಟೆವು. ಏಕಾಂತ ಬೇಕಿದ್ದರೆ ಬೇಕಾದಷ್ಟಿತ್ತು. ಶ್ಯಾಮ ಹಸಿವಾದಾಗ ಬಯಲಿಗೆ ಬಂದು, ಅವಸರವಸರವಾಗಿ ಮೇಯ್ದು, ಬೇಲಿಗೆ ವಾಪಸಾಗುತ್ತಿದ್ದ. ಪುಟ್ಟ ಅಂಗಳದ ಇನ್ನೊಂದು ತುದಿಗೆ ಸರಿದರೆ ಇವನೂ ಬೇಲಿಯುದ್ದಕ್ಕೂ ಆ ಕಡೆಗೆ. ಒಡತಿ ಎರಡು ದಿನ ನೋಡಿ, ‘ಸಾಕು, ಬೇಲಿ ತೆಗೆಸಿ’ ಅಂದರು.

ಸೇರಿಸಿದ ದಿನ ಮೂಗಿಗೆ ಮೂಗು ತಾಗಿಸಿ ಉಸಿರು ಮೂಸಿದವು, ಪುಟ್ಟ ಕಿರುಚಿ ಒಂದು ಮುಂಗಾಲು ನೆಲಕ್ಕೆ ಅಪ್ಪಳಿಸಿದ. ನೋಡುವವರಿಗೆ ಎದೆ ಧಸಕ್ಕೆನ್ನುವ ಈ ಗಲಾಟೆ ಕುದುರೆಗಳ ಮಾಮೂಲಿ ಪರಿಚಯದ ಕ್ರಮ. ಅಷ್ಟರಲ್ಲಿ ಇಬ್ಬರೂ ಹೆಗಲು ಕೆರೆಯಲು ನಿಂತಿದ್ದರು, ಶ್ಯಾಮ ಆ ಮೊಟಕು ಜೂಲಿನ ಜಾಗಕ್ಕೇ ನೇರ ಬಾಯಿ ಹಾಕಿದ. ಪುಟ್ಟನ ತೂಕಕ್ಕಾಗಿ ಇಬ್ಬರಿಗೂ ಹುಲ್ಲಿಲ್ಲದ ಅಂಗಳವೇ, ನೆನೆಸಿ ಸಕ್ಕರೆ ಇಳಿಸಿದ ಒಣಹುಲ್ಲು ಸಣ್ಣ ಕಣ್ಣಿನ ಬಲೆಯಲ್ಲಿ; ಶ್ಯಾಮನಿಗೆ ಹೆಚ್ಚಿನ ಮೇವು ಬೇರೆ ಕಟ್ಟಿ. ಒಂದು ಪಕ್ಕದಲ್ಲಿ ದಪ್ಪಗೆ ಮೆತ್ತನೆಯ ಹಾಸು ಹಾಕಿಸಿದೆವು.

ಆ ವಾರ ಮುಗಿಯುವ ಮೊದಲೇ ಕ್ಯಾಮೆರಾದಲ್ಲಿ ಶ್ಯಾಮ ಮೊದಲು ಎದೆಯ ಮೇಲೆ, ಆಮೇಲೆ ಪೂರ್ತಿ ಪಕ್ಕಕ್ಕೆ ವಾಲಿ ಮಲಗಿದ್ದು ಕಂಡಿತು. ಪುಟ್ಟ ನಿಂತಿದ್ದ. ಬೆಳಿಗ್ಗೆ ಒಡತಿ ಕಳಿಸಿದ ಫೋಟೊದಲ್ಲಿ ಶ್ಯಾಮನ ಕೆನ್ನೆಗೆ ಲದ್ದಿ ಮೆತ್ತಿತ್ತು. ಗೆಳೆಯ ಬಂದದ್ದರಿಂದಲೇ ಎಲ್ಲ ಸರಿಹೋಯಿತು ಎಂದು ಬರೆಯುವ ಆಸೆಯಾಗುತ್ತದೆ, ಆದರೆ ನೋವಿನ ಔಷಧಿ ಆಗಲೂ ನಡೆಯುತ್ತಿತ್ತು, ಹಾಸೂ ಹೊಸದು. ಔಷಧಿಯೊಂದೇ ಸಾಲಲಿಲ್ಲ ಎಂಬಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಮೈ ಉಜ್ಜುವಾಗ ಕುಸಿಯುವುದು ಕ್ರಮೇಣ ನಿಂತಿತು, ಗಿಣ್ಣಿನ ಗಾಯ ಒಣಗಿ ಕೂದಲು ಬಂದಿದೆ.

ಒಡತಿ ಈ ಸುದ್ದಿಯನ್ನು ಕಮ್ಯುನಿಕೇಟರಿಗೆ ತಿಳಿಸಿದರಂತೆ. ಆಕೆಗೆ ನಿಜಕ್ಕೂ ಖುಷಿಯಾಯಿತು. ‘ಕಾವಲನ್ನು ಪುಟ್ಟನಿಗೆ ಒಪ್ಪಿಸಿದ್ದಾನೆ, ಈಗ ಹಗುರಾಗಿದ್ದಾನೆ’ ಅಂದರಂತೆ. ಯಾವ ಫಲಿತಾಂಶ ಬಂದರೂ ಒಳಗೆ ಹಾಕಿಕೊಳ್ಳುವ ವಿವರಣೆಯ ಜೊತೆ ಜಗಳವಾಡಿ ಪ್ರಯೋಜನವಿಲ್ಲ. ಜೊತೆಗೆ ಇದನ್ನೂ ಹೇಳಬೇಕು: ಒಂದು ಗಂಟೆ ಕೂತು ಈ ಕುದುರೆಯ ಬಗ್ಗೆ ಮಾತ್ರ ಯೋಚಿಸಿದ ಮೊದಲ ವ್ಯಕ್ತಿ ಆಕೆಯೇ. ‘ರಾತ್ರಿ ಮಲಗುವುದಿಲ್ಲ’ ಎಂಬ ಆಕೆಯ ಮಾತು ಇಲ್ಲದಿದ್ದರೆ ಕ್ಯಾಮೆರಾದ ಯೋಚನೆ ನನಗೆ ಬಹುಶಃ ಇನ್ನಷ್ಟು ತಡವಾಗಿ ಬರುತ್ತಿತ್ತು. ಒಡತಿ ಈಗಲೂ ಆಕೆಗೆ ಫೋನ್ ಮಾಡುತ್ತಾರೆ. ನಾನು ಕೇಳಿಕೊಂಡಿರುವುದು ಒಂದೇ: ಮುಂದಿನ ಸಲ ಫೋಟೊ ಕಳಿಸಿ, ಮೊದಲ ಅರ್ಧ ಗಂಟೆ ತಾವು ಏನೂ ಮಾತಾಡದೆ ಕೇಳಲಿ, ರೆಕಾರ್ಡಿಂಗ್ ಇಟ್ಟಿರಲಿ.

ಈಗ ಉಳಿದಿರುವ ಸಮಸ್ಯೆ ಬೇರೆ. ಗೊರಸು ಕತ್ತರಿಸಲು ಪುಟ್ಟನನ್ನು ಹೊರಗೆ ಕರೆದೊಯ್ದರೆ ಶ್ಯಾಮ ಬೇಲಿಯುದ್ದಕ್ಕೂ ಓಡಿ ಬೆವರಿ ಕೆನೆಯುತ್ತಾನೆ. ಸವೆದ ಕೀಲಿಗೆ ಆ ಓಟ ಒಳ್ಳೆಯದಲ್ಲ. ಒಬ್ಬನೇ ಗೆಳೆಯನಿದ್ದರೆ ಹೀಗಾಗುತ್ತದೆ. ಸದ್ಯಕ್ಕೆ ಪುಟ್ಟನನ್ನು ಕಣ್ಣಳತೆಯಲ್ಲೇ ಕೆಲವು ಹೆಜ್ಜೆ ಒಯ್ದು ವಾಪಸು ತರುವುದು, ಅಷ್ಟರಲ್ಲಿ ಶ್ಯಾಮನಿಗೆ ಒಣಹುಲ್ಲಿನ ಬಲೆ, ದಿನದಿಂದ ದಿನಕ್ಕೆ ದೂರ ತುಸು ಹೆಚ್ಚು. ಗೌರಿ, ಮೇಘರ ಬಯಲಿನಲ್ಲಿ ಹುಲ್ಲು ಕಡಿಮೆಯಾದ ಮೇಲೆ ಹಗಲು ಹೊತ್ತು ನಾಲ್ವರನ್ನೂ ಅಲ್ಲಿ ಒಟ್ಟಿಗೆ ಬಿಡುವ ಯೋಚನೆ ಇದೆ. ಮೇಘ ಈಗಾಗಲೇ ಬೇಲಿಯ ಹತ್ತಿರ ಬಂದು ಶ್ಯಾಮನನ್ನು ಮೂಸಿ ಹೋಗುತ್ತಾನೆ. ಗೌರಿ ಏನನ್ನುತ್ತಾಳೋ ನೋಡಬೇಕು.